ಶನಿಮಹಾತ್ಮನ ಹೆಸರಲ್ಲೊಂದು ಸಂಘದ ಸಭೆ

ವೇಣಿಗೆ ನಂಬಿಕೆ ಅನ್ನುವುದು ಹುಟ್ಟಿನಿಂದಲೇ ಸ್ವಲ್ಪ ಕಮ್ಮಿ. ಸೊಪ್ಪಿನವನು ‘ಇವತ್ತೇ ಕಿತ್ತಿದ್ದು ಅಕ್ಕ’ ಅಂದರೆ ಕಟ್ಟಿನ ಬುಡ ಮುರಿದು ನೋಡುವವಳು. ಡಾಕ್ಟರು ‘ಏನೂ ಇಲ್ಲಮ್ಮ, ಗಾಬರಿ ಬೇಡ’ ಅಂದರೆ ಹೊರಗೆ ಬಂದು ನರ್ಸನ್ನು ಇನ್ನೊಂದು ಸಲ ವಿಚಾರಿಸುವವಳು. ಇಂಥವಳಿಗೆ ದೇವರು ಹೇಳಿ ಮಾಡಿಸಿದ ಕೆಲಸವನ್ನೇ ಕೊಟ್ಟ. ತಿಂಗಳು ತಿಂಗಳು ಸಂಬಳ ಕೊಟ್ಟು ಅನುಮಾನ ಪಡಿಸುವ ಕೆಲಸ!

ಬೆಂಗಳೂರಿನ ಹೂಡಿಯ ಟೆಕ್ ಪಾರ್ಕೊಂದರ ಐದನೇ ಮಹಡಿಯಲ್ಲಿ ಅವಳ ಕಾಲ್ ಸೆಂಟರ್. ಅಮೆರಿಕದ ಒಂದು ಇನ್ಶೂರೆನ್ಸ್ ಕಂಪನಿಯ ಗಿರಾಕಿಗಳು ಅವರ ಹಗಲಲ್ಲಿ ಫೋನ್ ಮಾಡುತ್ತಾರೆ, ನಮ್ಮ ಹುಡುಗ ಹುಡುಗಿಯರು ತಮ್ಮ ರಾತ್ರಿಯಲ್ಲಿ ಎತ್ತುತ್ತಾರೆ. ವೇಣಿಯೂ ಆರು ವರ್ಷ ಎತ್ತಿದವಳೇ. ಈಗ ಅವಳು ಕ್ವಾಲಿಟಿ, ಅಂದರೆ ರಾತ್ರಿ ಬೇರೆಯವರು ಆಡಿದ ಮಾತನ್ನು ಹಗಲು ಕೂತು ಕೇಳಿ ಅಂಕ ಹಾಕುವವಳು. ಮಾತಿನ ನಡುವೆ ಯಾರಾದರೂ ಎರಡು ಸೆಕೆಂಡು ಸುಮ್ಮನಾದರೆ ಅದಕ್ಕೆ ‘ಡೆಡ್ ಏರ್’ ಎಂದು ಹೆಸರು, ಅಂಕ ಕಟ್. ‘ಚೆಕ್ ಮಾಡ್ತಾ ಇದ್ದೀನಿ ಸಾರ್’ ಎಂದು ಹೇಳಿ ಕೈಕಟ್ಟಿ ಕೂತವನನ್ನು ಕೀಬೋರ್ಡಿನ ಸದ್ದಿಲ್ಲ ಅನ್ನುವುದರಿಂದಲೇ ಹಿಡಿಯುತ್ತಿದ್ದಳು. ಹೆಡ್‌ಫೋನ್ ಹಾಕಿದರೆ ಸುಳ್ಳು ಎಲ್ಲಿ ಶುರುವಾಗುತ್ತದೆ ಅಂತ ಬೆರಳಿಟ್ಟು ತೋರಿಸಬಲ್ಲೆ ಎಂಬ ಜಂಬ ಬೇರೆ. ಗಂಡ ಕೃಷ್ಣ ನೀರಿನ ಟ್ಯಾಂಕರ್ ಓಡಿಸುತ್ತಾನೆ. ‘ಎಲ್ಲಿದ್ದೀಯಾ’ ಎಂದು ಇವಳು ಕೇಳಿದರೆ ಪಾಪ, ಬಾಯಿಬಿಡದೆ ಲೊಕೇಶನ್ ಕಳಿಸಿಬಿಡುತ್ತಾನೆ.

ತಾಯಿ ರಾಮಕ್ಕ ಇದಕ್ಕೆ ತದ್ವಿರುದ್ಧ. ಯಾರು ಏನು ಹೇಳಿದರೂ ‘ಅಂಗಾ?’ ಎಂದು ನಂಬುವ ಹೆಂಗಸು. ಗಂಡ ನಲ್ಲಪ್ಪ ಇದ್ದಾಗ ಎರಡೆಕರೆ ರಾಗಿ ಹೊಲವಿತ್ತು. ಈಗ ಅದರ ಮೇಲೆ ಹನ್ನೊಂದು ಅಂತಸ್ತಿನ ಅಪಾರ್ಟ್‌ಮೆಂಟ್ ನಿಂತಿದೆ. ರಾಮಕ್ಕನಿಗೆ ಅದರ ಬಗ್ಗೆ ದುಃಖವಿಲ್ಲ. ಮನೆ ಹಿಂದಿನ ಕೊಟ್ಟಿಗೆಯಲ್ಲಿ ಎರಡು ಹಸು ಕಟ್ಟಿಕೊಂಡಿದ್ದಾಳೆ, ಅದೇ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಏರಿ ಇಳಿದು ಏಳೆಂಟು ಮನೆಗೆ ಹಾಲು ಹಾಕುತ್ತಾಳೆ. ಅಲ್ಲಿನವರು ಯಾವ ಕಂಪನಿ, ಏನು ಹುದ್ದೆ, ಒಂದೂ ಅವಳಿಗೆ ಬೇಕಿಲ್ಲ. ಬಾಗಿಲು ತೆಗೆಯುವ ಹೆಂಗಸಿನ ಹೆಸರು, ಅವರ ಮಂಡಿನೋವು, ಸೊಸೆಯ ಸಿಡುಕು ಇಷ್ಟು ಗೊತ್ತಿದ್ದರೆ ಸಾಕು. ಮಗಳಂತೂ ಆ ಲಿಫ್ಟು ಹತ್ತಿದವಳೇ ಅಲ್ಲ.

ಆ ವರ್ಷ ಆಷಾಢದಲ್ಲಿ ಆಫೀಸಿನಲ್ಲಿ ಒಂದು ಹೊಸ ವಿಷಯ ಶುರುವಾಯಿತು. ಮನಿಲಾದಿಂದ ಇಪ್ಪತ್ತು ಜನ ದಿನಾ ವಿಡಿಯೋದಲ್ಲಿ ಬಂದು ಕೂರುತ್ತಿದ್ದರು. ಇವರು ಫೋನ್‌ನಲ್ಲಿ ಹೇಗೆ ಮಾತಾಡುತ್ತಾರೆ, ರೇಗಿದ ಗಿರಾಕಿಯನ್ನು ಹೇಗೆ ಸಮಾಧಾನ ಮಾಡುತ್ತಾರೆ, ಎಲ್ಲವನ್ನೂ ಕೇಳಿ ಬರೆದುಕೊಳ್ಳುತ್ತಿದ್ದರು. ಎಚ್.ಆರ್. ಮುಖ್ಯಸ್ಥ ವಿನಾಯಕ್, ರಾಣೆಬೆನ್ನೂರು ಕಡೆಯ ಸೌಮ್ಯ ಮನುಷ್ಯ, ಎಲ್ಲರನ್ನೂ ಸೇರಿಸಿ, ‘ಅದು ಎರಡನೇ ಸೆಂಟರ್ ಅಷ್ಟೇ ಕಣ್ರೀ. ನಿಮ್ಮ ಕೆಲಸಕ್ಕೇನೂ ಆಗಲ್ಲ, ಧೈರ್ಯವಾಗಿ ಕಲಿಸಿಕೊಡಿ’ ಅಂದ. ಅದನ್ನು ಕೇಳಿ ವೇಣಿ ಮನಸ್ಸಿನಲ್ಲೇ ಸೊನ್ನೆ ಅಂಕ ಹಾಕಿದಳು. ಈ ಒಂದು ಸಲ ಅವಳ ಕಿವಿ ಸರಿಯಾಗಿಯೇ ಇತ್ತು.

ಏಕೆಂದರೆ ಇದನ್ನು ಅವಳು ತಿರುವುಮುರುವಾಗಿ ಒಮ್ಮೆ ಕಂಡಿದ್ದಳು. ಹದಿನೈದು ವರ್ಷದ ಹಿಂದೆ ಈ ಕೆಲಸ ಅಮೆರಿಕದಿಂದ ಇಲ್ಲಿಗೆ ಬಂದಾಗ ಫೋನಿನಲ್ಲಿ ಹೆಂಗಸರು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು, ‘ನನ್ನ ತಂಗಿಯ ಕುರ್ಚಿಯಲ್ಲಿ ಕೂತಿದ್ದೀಯಲ್ಲ, ನಾಚಿಕೆ ಆಗಲ್ವಾ’ ಎಂದು. ಅಲ್ಲಿನ ಕಾರ್ಮಿಕ ಸಂಘದವರು ಕಂಪನಿಯ ಜೊತೆ ಗುದ್ದಾಡಿ, ಗಿರಾಕಿ ಕೇಳಿದರೆ ಯಾವ ಊರಿನಿಂದ ಮಾತಾಡುತ್ತಿದ್ದೀರಿ ಎಂದು ಹೇಳಲೇಬೇಕೆಂದು ಬರೆಸಿಕೊಂಡಿದ್ದರು. ‘ಬೆಂಗಳೂರು’ ಅಂದ ತಕ್ಷಣ ಎಷ್ಟೋ ಜನ ಫೋನ್ ಕುಕ್ಕುತ್ತಿದ್ದರು. ಆಗ ವೇಣಿಗೆ ಇಪ್ಪತ್ತೊಂದು ವಯಸ್ಸು, ಬಾತ್‌ರೂಮಿಗೆ ಹೋಗಿ ಅತ್ತಿದ್ದಳು. ಈಗ ಮನಿಲಾದ ಹುಡುಗಿಯರ ಮುಖ ಸ್ಕ್ರೀನಿನಲ್ಲಿ ಕಂಡಾಗ ಅವಳಿಗೆ ಆ ಬೈಗುಳವೇ ನೆನಪಾಗುತ್ತಿತ್ತು.

ಆಗ ಬಂದವರು ಲಕ್ಷ್ಮಣಪ್ಪನವರು. ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ನಿವೃತ್ತಿಯಾದವರು, ಮೂವತ್ತು ವರ್ಷ ಗೇಟಿನ ಮುಂದೆ ನಿಂತು ಭಾಷಣ ಮಾಡಿ ಗಂಟಲು ಒಡೆದುಕೊಂಡವರು. ಈಗ ಕಂಪ್ಯೂಟರ್ ಕೆಲಸದವರ ಸಂಘಕ್ಕೆ ಸದಸ್ಯರನ್ನು ಹುಡುಕುತ್ತ ಹಳೇ ಸ್ಕೂಟರಿನಲ್ಲಿ ಮಹದೇವಪುರ ಸುತ್ತುತ್ತಿದ್ದರು. ಅವರ ಜೇಬಿನಲ್ಲಿ ಅಮೆರಿಕದ ಆ ಸಂಘದವರೇ ಬರೆದ ಪತ್ರವಿತ್ತು. ‘ನಮ್ಮ ಕೆಲಸ ಹೋದಾಗ ನಿಮ್ಮ ಮೇಲೆ ಸಿಟ್ಟಾದೆವು, ತಪ್ಪಾಯಿತು. ಈಗ ನಿಮ್ಮದೂ ಹೋಗುತ್ತಿದೆ. ಎರಡೂ ಕಡೆ ಒಂದೇ ದಿನ ಒಂದೇ ಬೇಡಿಕೆ ಇಡೋಣ. ಆರು ತಿಂಗಳು ಮುಂಚೆ ಹೇಳದೆ, ಬೇರೆ ಕೆಲಸ ತೋರಿಸದೆ ಯಾರನ್ನೂ ಕಳಿಸಬಾರದು’ ಎಂಬುದು ಅದರ ಸಾರಾಂಶ.

‘ಹದಿನೈದು ವರ್ಷದ ಹಿಂದೆ ಉಗಿದವ್ರಿಗೆ ಈಗೇನು ಸಾರ್ ಇದ್ದಕ್ಕಿದ್ದಂಗೆ ಪ್ರೀತಿ?’ ಎಂದು ವೇಣಿ ಕೇಳಿದಳು.

‘ಪ್ರೀತಿ ಯಾರಿಗೆ ಬೇಕಮ್ಮ? ಬುದ್ಧಿ ಬಂದಿದೆ. ಪ್ರೀತಿಗಿಂತ ಗಟ್ಟಿ ಅದು.’

ಆ ಮಾತು ವೇಣಿಗೆ ಹಿಡಿಸಿತು. ಹದಿನಾಲ್ಕು ಜನ ಒಟ್ಟಾದರು. ಅವರಲ್ಲಿ ಇಬ್ಬರನ್ನು ಹೇಳಿಬಿಡುತ್ತೇನೆ. ಒಬ್ಬಳು ಶ್ಯಾಮಲಾ, ವೇಣಿಯ ಜೊತೆಗೇ ಕೆಲಸಕ್ಕೆ ಸೇರಿದವಳು, ಗಂಡನಿಲ್ಲದೆ ಇಬ್ಬರು ಮಕ್ಕಳನ್ನು ಇದೇ ಸಂಬಳದಲ್ಲಿ ಓದಿಸುತ್ತಿದ್ದಳು. ಇನ್ನೊಬ್ಬ ಮಲ್ಲಿಕ್. ಶಿರಾ ಕಡೆಯ ಹುಡುಗ, ಟಿ. ದಾಸರಹಳ್ಳಿಯಲ್ಲಿ ಅಣ್ಣನ ಮನೆಯಲ್ಲಿದ್ದ. ಅಲ್ಲಿಂದ ಬೇಗ ಬಂದರೆ ಶಿಫ್ಟಿಗೆ ಮುಂಚೆ ರಾಮಕ್ಕನ ಕೊಟ್ಟಿಗೆಯ ಹತ್ತಿರ ಕೂತು ಮುದ್ದೆ ಉಂಡು ಹೋಗುವ ಸಲುಗೆ ಅವನಿಗಿತ್ತು. ವೇಣಿಯನ್ನು ‘ಅಕ್ಕ’ ಅನ್ನುತ್ತಿದ್ದ.

ಸೇರುವುದೆಲ್ಲಿ? ಸಂಘದ ಕೋಣೆಯ ಎದುರಿಗೇ ಕಂಪನಿ ಕ್ಯಾಬಿನ ಡ್ರೈವರುಗಳು ಟೀ ಕುಡಿಯುವ ಅಂಗಡಿ, ಅಲ್ಲಿ ಕಂಡದ್ದು ಸಂಜೆಗೆ ಆಫೀಸಿನಲ್ಲಿ. ವೇಣಿಯೇ ಉಪಾಯ ಹೇಳಿದಳು. ಶ್ರಾವಣ ಬಂದಿದೆ, ನಮ್ಮ ಹಳೇ ಊರಿನಲ್ಲಿ ಶನಿವಾರ ಶನಿವಾರ ಯಾರ ಮನೆಯಲ್ಲಾದರೂ ಶನಿಮಹಾತ್ಮೆ ಓದಿಸುತ್ತಾರೆ. ‘ಶನಿದೇವ್ರ ಪೂಜೆ, ಪ್ರಸಾದಕ್ಕೆ ಬನ್ನಿ’ ಅಂದರೆ ಹದಿನಾಲ್ಕು ಜೊತೆ ಚಪ್ಪಲಿ ಬಾಗಿಲಲ್ಲಿ ಕಂಡರೂ ಯಾರೂ ಯಾಕೆ ಅನ್ನುವುದಿಲ್ಲ. ಎಲ್ಲರೂ ಭೇಷ್ ಅಂದರು. ವೇಣಿ ಮನೆಗೆ ಬಂದು ತಾಯಿಗೆ ಹೇಳಿದಳು:

‘ಅಮ್ಮ, ಶನಿವಾರ ಆಫೀಸಿನವ್ರ ಒಂದು ಮೀಟಿಂಗು. ಯಾರಾದ್ರೂ ಕೇಳಿದ್ರೆ ಪೂಜೆ ಅಂತ ಹೇಳ್ಬಿಡು.’

‘ಪೂಜೆ ಮಾಡ್ದಲೇ ಪೂಜೆ ಅನ್ನಕ್ಕಾಯ್ತದೇನೇ? ಅದೂ ಶನಿಮಾತ್ಮನ ಎಸ್ರಲ್ಲಿ!’ ರಾಮಕ್ಕ ಕೆನ್ನೆ ಕೆನ್ನೆ ಬಡಿದುಕೊಂಡಳು. ‘ಇಕ್ರಮರಾಜ ಒಂದ್ ಮಾತಲ್ಲಿ ನಕ್ಕಿದ್ದಕ್ಕೆ ಕೈಕಾಲು ಓಯ್ತು, ಗ್ಯಾನ ಇಲ್ವಾ ನಿಂಗೆ?’

‘ಅಯ್ಯೋ, ಒಂದು ಫೋಟೋ ಇಟ್ಟು ದೀಪ ಹಚ್ಚಮ್ಮ ಸಾಕು. ತಲೆ ತಿನ್ಬೇಡ.’

ರಾಮಕ್ಕ ಸುಮ್ಮನಾದಳು. ಮಗಳು ಒಪ್ಪಿಗೆ ಎಂದುಕೊಂಡಳು.

ಶನಿವಾರ ಸಂಜೆ ನಾಲ್ಕೂವರೆಗೆ ನಡುಮನೆಯಲ್ಲಿ ಚಾಪೆ ಹಾಸಿತ್ತು. ಸ್ಟೂಲಿನ ಮೇಲೆ ಶನಿದೇವರ ಫೋಟೋ, ಮುಂದೆ ಎಳ್ಳೆಣ್ಣೆಯ ದೀಪ. ರಾಮಕ್ಕ ಎಳ್ಳಿನ ಚಿಗಳಿ ಮಾಡಿ ತಟ್ಟೆಯಲ್ಲಿಟ್ಟು ಹಾಲು ಕರೆಯಲು ಹಿಂದಕ್ಕೆ ಹೋಗಿದ್ದಳು. ಮಲ್ಲಿಕ್ ಎಲ್ಲರಿಗಿಂತ ತಡವಾಗಿ ಕೊಟ್ಟಿಗೆಯ ಕಡೆಯಿಂದ ಬಂದು ಮೂಲೆಯಲ್ಲಿ ಕೂತ. ಲಕ್ಷ್ಮಣಪ್ಪನವರು ಪತ್ರ ಓದಿದರು. ಸದಸ್ಯತ್ವದ ಅರ್ಜಿಗಳನ್ನು ಹಂಚಿದರು. ಶ್ಯಾಮಲಾ ಮೊದಲು ರುಜು ಹಾಕಿದಳು. ಉಳಿದವರು ಪೆನ್ನು ಹುಡುಕುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು.

ನೋಡಿದರೆ ವಿನಾಯಕ್! ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಕಾಯಿ, ಬಾಳೆಹಣ್ಣು, ಸಣ್ಣ ಸೀಸೆಯಲ್ಲಿ ಎಳ್ಳೆಣ್ಣೆ.

ಒಬ್ಬನ ಗಂಟಲಲ್ಲಿ ಚಿಗಳಿ ಸಿಕ್ಕಿಕೊಂಡಿತು. ಶ್ಯಾಮಲಾ ಅರ್ಜಿಯ ಮೇಲೆ ಕೂತುಬಿಟ್ಟಳು. ಇನ್ಯಾರೋ ಕಣ್ಣುಮುಚ್ಚಿ ‘ಓಂ ಶನೈಶ್ಚರಾಯ ನಮಃ, ಓಂ ಶನೈಶ್ಚರಾಯ ನಮಃ’ ಎಂದು ಗಟ್ಟಿಯಾಗಿ ಶುರುಮಾಡಿದ.

‘ಇದು… ನಿಮ್ಮ ಮನೇನಾ ವೇಣಿ?’ ಎಂದ ವಿನಾಯಕ್. ‘ಅಮ್ಮ ಕಳಿಸಿದ್ರು. ಪೂಜೆ ಇದೆಯಂತೆ, ಪ್ರಸಾದ ತಗೊಂಡು ಬಾ ಅಂದ್ರು.’

ಅವನ ಕಣ್ಣು ಚಾಪೆಯ ಮೇಲಿನ ಕಾಗದಗಳ ಮೇಲೆ ಓಡಿತು. ‘ಸದಸ್ಯತ್ವ ಅರ್ಜಿ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಲಕ್ಷ್ಮಣಪ್ಪನವರ ಮುಖವನ್ನೊಮ್ಮೆ ನೋಡಿದ. ಕಾಯಿ, ಎಣ್ಣೆ ಇಟ್ಟು ಕೈಮುಗಿದ. ಬರಿದಾದ ತಟ್ಟೆ ಹಿಡಿದು, ಚಿಗಳಿಯನ್ನೂ ತೆಗೆದುಕೊಳ್ಳದೆ, ಬಂದ ದಾರಿಯಲ್ಲೇ ಹೊರಟುಹೋದ. ಹಿಂದೆಯೇ ಒಬ್ಬೊಬ್ಬರಾಗಿ ಎದ್ದರು. ಹತ್ತು ನಿಮಿಷದಲ್ಲಿ ಚಾಪೆ ಖಾಲಿಯಾಯಿತು.

ವೇಣಿ ಅಂದು ಸಂಜೆಯೆಲ್ಲ ವಿನಾಯಕನ ಆ ಒಂದು ಮಾತನ್ನು ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ಕೇಳಿಕೊಂಡಳು. ‘ಅಮ್ಮ ಕಳಿಸಿದ್ರು’ ಅಂತೆ! ಯಾವ ಅಮ್ಮ, ಎಲ್ಲಿಯ ಅಮ್ಮ? ಎಷ್ಟು ಸಲೀಸಾಗಿ ಹೇಳಿದ, ಒಂದು ಕಡೆ ತಡವರಿಸಲಿಲ್ಲ, ಕಲಿತುಕೊಂಡು ಬಂದವನ ಹಾಗೆ. ಪಂಚೆ, ವಿಭೂತಿ, ಕಾಯಿ, ಎಲ್ಲ ಪಕ್ಕಾ ನಾಟಕ. ಯಾರೋ ಒಳಗಿನವರೇ ಸುದ್ದಿ ಮುಟ್ಟಿಸಿದ್ದಾರೆ. ಯಾರು?

ಎರಡು ವಾರಕ್ಕೆ ಪಟ್ಟಿ ಬಂತು. ಮನಿಲಾಗೆ ಸಾಗುವ ಕೆಲಸದ ಮೊದಲ ಕಂತು, ಅರವತ್ತು ಜನಕ್ಕೆ ಇಮೇಲ್. ಅದರಲ್ಲಿ ಚಾಪೆಯ ಮೇಲೆ ಕೂತಿದ್ದ ಹದಿನಾಲ್ಕರಲ್ಲಿ ಒಂಬತ್ತು ಜನ. ಶ್ಯಾಮಲಾಳ ಹೆಸರು ಮೊದಲ ಪುಟದಲ್ಲೇ ಇತ್ತು. ಈ ಪಟ್ಟಿ ಪೂಜೆಗೆ ಮುಂಚೆಯೇ ಸಿದ್ಧವಾಗಿತ್ತೋ, ಪೂಜೆಯ ಮಾರನೇ ದಿನ ಸಿದ್ಧವಾಯಿತೋ, ಆ ಪರಮಾತ್ಮನಿಗೇ ಗೊತ್ತು. ವೇಣಿ ಪಟ್ಟಿಯಲ್ಲಿರಲಿಲ್ಲ. ಮನಿಲಾದವರ ಫೋನನ್ನು ಕೇಳಿ ಅಂಕ ಹಾಕಲು ಕ್ವಾಲಿಟಿಯವರು ಇನ್ನೂ ಬೇಕಿತ್ತು. ಮಲ್ಲಿಕನ ಹೆಸರೂ ಇರಲಿಲ್ಲ.

ಅಮೆರಿಕದ ಸಂಘದವರು ಗೊತ್ತುಮಾಡಿದ ದಿನ ತಮ್ಮೂರಿನಲ್ಲಿ ಬೋರ್ಡು ಹಿಡಿದು ನಿಂತರು, ಲಕ್ಷ್ಮಣಪ್ಪನವರಿಗೆ ಫೋಟೋ ಕಳಿಸಿದರು. ಇಲ್ಲಿಂದ ಕಳಿಸಲು ಫೋಟೋ ಇರಲಿಲ್ಲ. ಇಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದರು.

ವೇಣಿ ಆಗ ತನ್ನ ವಿದ್ಯೆಯನ್ನು ಹೊರತೆಗೆದಳು. ಹದಿಮೂರು ಜನಕ್ಕೂ ಬೇರೆ ಬೇರೆಯಾಗಿ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದಳು, ‘ವಿನಾಯಕ್ ಸಾರ್‌ಗೆ ಯಾರು ಹೇಳಿರ್ಬೋದು?’ ಎಲ್ಲವನ್ನೂ ರೆಕಾರ್ಡ್ ಮಾಡಿದಳು. ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಕೂತಳು. ಹನ್ನೆರಡು ಜನ ಉಸಿರು ಬಿಡುವ ಮುಂಚೆ ‘ನಾನಂತೂ ಅಲ್ಲ’ ಅಂದಿದ್ದರು. ಮಲ್ಲಿಕ್ ಮಾತ್ರ ಸುಮ್ಮನಾಗಿದ್ದ. ಒಂದು, ಎರಡು, ಹೆಚ್ಚುಕಡಿಮೆ ಮೂರು ಸೆಕೆಂಡು. ಆಮೇಲೆ, ‘ಗೊತ್ತಿಲ್ಲ ಅಕ್ಕ’ ಅಂದ. ಸ್ವಲ್ಪ ತಡೆದು, ‘ಅಮ್ಮ ಮನೇಲಿದ್ದಾರಾ?’ ಅಂದ. ಮಾತು ಮರೆಸುತ್ತಿದ್ದಾನೆ! ವೇಣಿ ಅದನ್ನೇ ಮೂರು ಸಲ ಹಾಕಿಕೊಂಡು ಕೇಳಿದಳು. ಸಿಕ್ಕಿಬಿದ್ದ ಕಳ್ಳ, ಅಂದುಕೊಂಡಳು.

ವಿನಾಯಕ್ ನಿಲ್ಲದೆ ಹೇಳಿದ, ಅದಕ್ಕೇ ಅದು ಸುಳ್ಳು. ಮಲ್ಲಿಕ್ ನಿಂತು ಹೇಳಿದ, ಅದಕ್ಕೇ ಅದೂ ಸುಳ್ಳು. ನಿಜ ಹೇಳುವವನು ಇನ್ನು ಹೇಗೆ ಉಸಿರಾಡಬೇಕು ಸ್ವಾಮಿ? ಆದರೆ ಕೆಲಸ ಕಳೆದುಕೊಂಡವರಿಗೆ ಬೈಯಲು ಒಂದು ಮುಖ ಬೇಕಾಗಿತ್ತು, ವೇಣಿ ಅದನ್ನು ಒದಗಿಸಿದಳು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ, ಸಂಘದ ಕೋಣೆಯಲ್ಲೇ ಆ ರೆಕಾರ್ಡಿಂಗನ್ನು ಎಲ್ಲರಿಗೂ ಕೇಳಿಸಿದಳು. ಶ್ಯಾಮಲಾ, ‘ಅಯ್ಯೋ ಪಾಪಿ, ನನ್ನ ಮಕ್ಳ ಹೊಟ್ಟೆ ಮೇಲೆ ಹೊಡೆದ್ಯಲ್ಲೋ’ ಎಂದು ಅತ್ತಳು. ಲಕ್ಷ್ಮಣಪ್ಪನವರೊಬ್ಬರೇ ಒಪ್ಪದೆ ತಲೆ ಅಲ್ಲಾಡಿಸಿದರು.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಮ್ಮ. ನೀನು ಕಂಡೂ ಇಲ್ಲ, ಬರೀ ಕೇಳಿದ್ದೀಯ. ಅದೂ ಅವನು ಮಾತಾಡದೆ ಇದ್ದದ್ದನ್ನ!’

ಅವರ ಮಾತು ಯಾರಿಗೆ ಬೇಕಿತ್ತು? ಮಲ್ಲಿಕನನ್ನು ವಾಟ್ಸಾಪ್ ಗುಂಪಿನಿಂದ ತೆಗೆದರು. ಕ್ಯಾಂಟೀನಿನಲ್ಲಿ ಅವನು ತಟ್ಟೆ ತಂದು ಕೂತರೆ ಮೇಜು ಖಾಲಿಯಾಗುತ್ತಿತ್ತು. ಕ್ಯಾಬಿನಲ್ಲಿ ಅವನ ಪಕ್ಕದ ಸೀಟಿನಲ್ಲಿ ಬ್ಯಾಗಿಟ್ಟು ಬೇರೆಯವರು ಹಿಂದೆ ಕೂರುತ್ತಿದ್ದರು. ಎದುರಿಗೆ ಸಿಕ್ಕಾಗ ವೇಣಿ ಮುಖ ತಿರುಗಿಸಿದಳು, ಅವನೂ ಏನೂ ಕೇಳಲಿಲ್ಲ. ಒಂದು ತಿಂಗಳು ಹೀಗೇ ಸವೆಸಿ, ಕಂಪನಿ ತೆಗೆಯದಿದ್ದರೂ ತಾನೇ ರಾಜೀನಾಮೆ ಬರೆದುಕೊಟ್ಟು ಹೋದ. ‘ನೋಡಿದ್ರಾ, ಕೆಲಸ ಮುಗೀತು, ಕೂಲಿ ತಗೊಂಡು ಹೋದ’ ಎಂದರು ಜನ. ವೇಣಿಯೂ ಹಾಗೆಯೇ ಅಂದಳು.

ಪೂಜೆ ನಡೆದು ನಾಲ್ಕು ತಿಂಗಳಾಗಿತ್ತು. ಮಾಗಿಯ ಚಳಿಯಲ್ಲಿ ರಾಮಕ್ಕ ಜ್ವರ ಬಂದು ಮಲಗಿದಳು. ಹಾಲು ನಿಲ್ಲಿಸುವ ಹಾಗಿಲ್ಲ. ‘ಏಳನೇ ಅಂತಸ್ತಲ್ಲಿ ಶಿವಲಿಂಗಮ್ಮಾರು ಅಂತ ಅವ್ರೆ, ಮೊದ್ಲು ಅವ್ರಿಗೆ ಕೊಟ್ಬುಡು, ಜರ ಅಂತ ಫೋನಲ್ಲಿ ಯೋಳಿವ್ನಿ, ಕಾಯ್ತಿರ್ತಾರೆ’ ಎಂದು ಮುಸುಕಿನೊಳಗಿಂದಲೇ ಹೇಳಿದಳು. ವೇಣಿ ಗೊಣಗುತ್ತ ಕ್ಯಾನು ಹಿಡಿದು ಮೊದಲ ಸಲ ಆ ಲಿಫ್ಟು ಹತ್ತಿದಳು.

ಬಾಗಿಲು ತೆಗೆದದ್ದು ಹಣೆತುಂಬ ವಿಭೂತಿ ಹಚ್ಚಿದ, ಕೋಲೂರಿದ ಮುದುಕಿ.

‘ರಾಮಕ್ಕನ ಮಗಳೇನವಾ? ಅದ ಮಾರಿ! ಬಾ ಒಳಗ. ಜ್ವರ ಹ್ಯಾಂಗದಾವು ನಿಮ್ಮವ್ವಗ?’ ಎಂದು ಪಾತ್ರೆ ತಂದರು. ಹಾಲು ಅಳೆಯುವಷ್ಟರಲ್ಲಿ ಮಾತು ಶುರುವಾಗಿತ್ತು. ‘ಭಾಳ ಒಳ್ಳೇಕಿ ನ್ವಾಡು. ಶ್ರಾವಣದಾಗ ಶನಿದೇವ್ರ ಪೂಜಿಗೆ ನನ್ನ ಒಬ್ಬಾಕಿನ್ನ ಕರದಿದ್ಲು. ಒಬ್ಬರರ ಬಂದು ಪ್ರಸಾದ ತಗೊಂಡ್ರ ಪೂಜಿ ಸುಳ್ಳಾಗಂಗಿಲ್ಲ, ಬರ್ರೀ ಅಂತ. ನಮ್ಮದು ಲಿಂಗಪೂಜಿ ಮನಿ, ಖರೆ. ಆದ್ರ ಶನಿದೇವ್ರ ಪ್ರಸಾದ ಒಲ್ಲೆ ಅನ್ನಾಕ ಧೈರ್ಯ ಬೇಕಲ್ಲವಾ? ನನ್ನ ಮೊಣಕಾಲು ಏಳಗೊಡಲಿಲ್ಲ. ಮಗನ್ನ ಕಳಿಸಿದೆ. ಅಂವ ಹೋದಾಂವ ಕಾಯಿ ಇಟ್ಟು ಬರಿಗೈಲೆ ಬಂದ! ಪ್ರಸಾದ ಎಲ್ಲೋ ಅಂದ್ರ ಮಾರಿ ಸಣ್ಣದು ಮಾಡ್ಕೊಂಡು ಕುಂತ. ಯಾಕಂತ ಇವತ್ತಿನ ತನಕಾ ಹೇಳಿಲ್ಲ.’

ಮುದುಕಿಯ ಹಿಂದೆ ಗೋಡೆಯ ಮೇಲೆ ಮದುವೆಯ ಫೋಟೋ ಇತ್ತು. ಬಾಸಿಂಗ ಕಟ್ಟಿಕೊಂಡು ನಗುತ್ತಿದ್ದವನು ವಿನಾಯಕ್.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ಹಾಗಾಗಿತ್ತು. ಸುಳ್ಳು ಪೂಜೆಗೆ ಶನಿದೇವರು ಎಲ್ಲಿ ಮಗಳ ಮೇಲೆ ಮುನಿದಾನೋ ಎಂದು ಹೆದರಿ ತಾಯಿ ಅದನ್ನು ನಿಜದ ಪೂಜೆ ಮಾಡಿದ್ದಳು. ಕರೆದದ್ದು ಒಬ್ಬರನ್ನೇ, ಆ ಒಬ್ಬರು ಇವರು. ವೇಣಿ ಅರ್ಧ ಸೇರು ಹಾಲು ನೆಲಕ್ಕೆ ಚೆಲ್ಲಿದಳು. ‘ಇರಲಿ ಬಿಡವಾ’ ಎಂದು ಮುದುಕಿ ಬಟ್ಟೆ ಹುಡುಕುತ್ತಿದ್ದಂತೆಯೇ ಲಿಫ್ಟಿಗೂ ಕಾಯದೆ ಏಳು ಅಂತಸ್ತು ಮೆಟ್ಟಿಲಿಳಿದಳು.

ಮನೆಗೆ ಹೋಗಲಿಲ್ಲ. ಮಿಕ್ಕ ಹಾಲನ್ನು ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವನ ಕೈಗೆ ಕೊಟ್ಟು, ಯಾವ ಮನೆಗೆ ಎಷ್ಟು ಎಂದು ಹೇಳಿ, ನೇರ ಮೆಟ್ರೋ ಹತ್ತಿದಳು. ಮೆಜೆಸ್ಟಿಕ್ಕಿನಲ್ಲಿ ಇಳಿದು ಇನ್ನೊಂದು ಹತ್ತಿ ದಾಸರಹಳ್ಳಿ ತಲುಪುವಷ್ಟರಲ್ಲಿ ಒಂಬತ್ತೂವರೆ. ಮಲ್ಲಿಕನ ಅಣ್ಣನ ಮನೆ ಒಂದು ಗಲ್ಲಿಯ ಕೊನೆಯಲ್ಲಿತ್ತು. ಅವನು ಬಾಗಿಲಲ್ಲೇ ನಿಂತು ಬೂಟಿನ ಲೇಸು ಕಟ್ಟುತ್ತಿದ್ದ, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೊರಟಿದ್ದ. ಸೊರಗಿದ್ದ. ಇವಳನ್ನು ಕಂಡು ಮೊದಲು ಗಲ್ಲಿಯ ಆ ತುದಿ ಈ ತುದಿ ನೋಡಿದ, ಇನ್ನೂ ಯಾರಾದರೂ ಬಂದಿದ್ದಾರೇನೋ ಎಂಬಂತೆ.

‘ಏನ್ ಮೇಡಂ?’

ಅಕ್ಕ ಹೋಗಿ ಮೇಡಂ ಆಗಿತ್ತು. ವೇಣಿಗೆ ಅದು ಎದೆಗೆ ಚುಚ್ಚಿತು. ಒಂದೇ ಉಸಿರಿನಲ್ಲಿ ಶಿವಲಿಂಗಮ್ಮನ ಮನೆಯ ಕಥೆ ಹೇಳಿದಳು, ಕೈಮುಗಿದಳು. ‘ತಪ್ಪಾಯ್ತು ಕಣೋ ಮಲ್ಲಿಕ್. ಹೇಳಿದ್ದು ನಮ್ಮಮ್ಮ. ನಂಗೀಗ ಗೊತ್ತಾಯ್ತು.’

‘ನಂಗೆ ಅವತ್ತೇ ಗೊತ್ತಿತ್ತು’ ಎಂದ ಅವನು, ಲೇಸು ಬಿಡದೆ.

‘ಏನು?’

‘ಒಳಗೆ ಬರೋಕ್ ಮುಂಚೆ ಕೊಟ್ಟಿಗೇಲಿ ಅಮ್ಮನ್ನ ಮಾತಾಡ್ಸಿದ್ದೆ. “ಶಿವಲಿಂಗಮ್ಮಾರನ್ನ ಕರ್ದಿವ್ನಿ ಕಣಪ್ಪ, ಪೂಜೆ ಸುಳ್ಳಾಗಬಾರ್ದು” ಅಂದ್ರು, ಖುಷಿಯಾಗಿ. ಯಾರೋ ಅಜ್ಜಿ ಅನ್ಕೊಂಡೆ. ಸಾರ್ ಬಂದು ಅಮ್ಮ ಕಳಿಸಿದ್ರು ಅಂದಾಗ ಅರ್ಥ ಆಯ್ತು.’

‘ಮತ್ತೆ ನಾನು ಫೋನ್ ಮಾಡಿ ಕೇಳಿದಾಗ ಯಾಕೋ ಹೇಳ್ಲಿಲ್ಲ?’

‘ಒಂಬತ್ತು ಜನ ಕೆಲಸ ಕಳ್ಕೊಂಡಿದ್ರು. ಹೇಳಿದ್ರೆ ಅವತ್ತೇ ಎಲ್ರೂ ನಿಮ್ಮನೆ ಬಾಗಿಲಿಗೆ ಬಂದು ಆ ಹೆಂಗಸಿಗೆ ಶಾಪ ಹಾಕ್ತಿದ್ರು. ಏನ್ ಹೇಳ್ಲಿ ಅಂತ ಯೋಚನೆ ಮಾಡ್ದೆ. ಅದಕ್ಕೇ “ಅಮ್ಮ ಮನೇಲಿದ್ದಾರಾ” ಅಂತ ಕೇಳಿದ್ದು. ಹೋಗಿ ಅವರನ್ನೇ ಕೇಳ್ತೀರಾ ಅನ್ಕೊಂಡೆ. ಒಂದು ವಾರ ಕಾದೆ, ಒಂದು ತಿಂಗಳು ಕಾದೆ. ಹದಿಮೂರು ಜನಕ್ಕೆ ಫೋನ್ ಮಾಡಿದ್ರಿ. ಒಂದೇ ಮನೇಲಿದ್ದೋರನ್ನ ಒಂದ್ ಮಾತು ಕೇಳ್ಲಿಲ್ಲ.’

ಅವನ ಅತ್ತಿಗೆ ಒಳಗಿನಿಂದ ಇಣುಕಿ ನೋಡಿ ಬಾಗಿಲು ಅರ್ಧ ಮುಂದೆ ಮಾಡಿದಳು.

‘ಭಾನುವಾರ ಮೀಟಿಂಗ್ ಇದೆ. ನೀನೂ ಬಾ. ಎಲ್ಲರ ಮುಂದೆ ಹೇಳ್ತೀನಿ’ ಎಂದಳು.

‘ನಾನು ಬರಲ್ಲ. ಅವ್ರ ಮುಖ ನೋಡಕ್ಕಾಗಲ್ಲ ನಂಗೆ. ನೀವು ಹೇಳೋದು ಬಿಡೋದು ನಿಮ್ಮಿಷ್ಟ.’ ಬ್ಯಾಗು ಹೆಗಲಿಗೆ ಹಾಕಿಕೊಂಡ. ‘ಆದ್ರೆ ಅಮ್ಮನ ಕಿವಿಗೆ ಮಾತ್ರ ಬೀಳಬಾರ್ದು. ನಿಮಗೆ ಕೆಟ್ಟದಾಗ್ಬಾರ್ದು ಅಂತ ಮಾಡಿದ್ದು ಅವ್ರು. ಒಂಬತ್ತು ಮನೆ ಅನ್ನ ತನ್ನಿಂದ ಹೋಯ್ತು ಅಂತ ಗೊತ್ತಾದ್ರೆ ಆ ಜೀವ ಉಳಿಯಲ್ಲ.’

ಭಾನುವಾರ ಸಂಘದ ಕೋಣೆಯಲ್ಲಿ ಹದಿಮೂರು ಜನ ಇದ್ದರು. ಕೆಲಸ ಹೋದ ಒಂಬತ್ತು ಜನ ಲೇಬರ್ ಆಫೀಸಿಗೆ ಹಾಕಿದ ದೂರು ಅಲ್ಲೇ ಕೊಳೆಯುತ್ತಿತ್ತು, ಅದರ ಬಗ್ಗೆ ಮಾತಾಡಲು ಸೇರಿದ್ದರು. ವೇಣಿ ಎದ್ದು ನಿಂತು ಮೊದಲಿಂದ ಕೊನೆಯವರೆಗೆ ಎಲ್ಲ ಹೇಳಿದಳು. ಮಲ್ಲಿಕ್ ನಿರಪರಾಧಿ, ನಾನೇ ಪಾಪಿ ಅಂದಳು. ಅಮ್ಮನಿಗೆ ತಿಳಿಸಬೇಡಿ ಎಂದು ಬೇಡಿಕೊಂಡಳು. ಹೇಳುವಾಗ ಅತ್ತಳು ಕೂಡ. ಮುಗಿಸಿದ ಮೇಲೆ ಯಾರಾದರೂ ‘ಛೇ, ಪಾಪ ಆ ಹುಡುಗ’ ಅನ್ನುತ್ತಾರೆಂದು ಕಾದಳು. ಯಾರೂ ಅನ್ನಲಿಲ್ಲ.

‘ಅಂದ್ರೆ’ ಎಂದಳು ಶ್ಯಾಮಲಾ, ನಿಧಾನವಾಗಿ. ‘ಎಚ್.ಆರ್. ಮನೆಗೆ ದಿನಾ ನಿಮ್ಮಮ್ಮ ಹಾಲು ಹಾಕ್ತಿದ್ರು. ಮೀಟಿಂಗು ನಿಮ್ಮನೇಲಿ. ಪೂಜೆ ಅನ್ನೋ ಉಪಾಯ ನಿಂದು. ಪಟ್ಟೀಲಿ ನಿನ್ನ ಹೆಸರಿಲ್ಲ. ನಾಲ್ಕು ತಿಂಗಳು ಇದ್ಯಾವುದೂ ನಿಂಗೆ ಗೊತ್ತೇ ಇರ್ಲಿಲ್ಲ. ನಾವು ನಂಬ್ಬೇಕು.’

‘ನಿಜ ಕಣೇ ಶ್ಯಾಮಲಾ! ನನ್ನಾಣೆ!’

‘ಇನ್ನೊಬ್ಬನ್ನ ಸಿಕ್ಕಿಸೋಕೆ ರೆಕಾರ್ಡಿಂಗ್ ಬೇರೆ ಮಾಡ್ಕೊಂಡು ಬಂದಿದ್ದೆ’ ಎಂದ ಇನ್ನೊಬ್ಬ.

ಲಕ್ಷ್ಮಣಪ್ಪನವರು ಮೇಜು ಗುದ್ದಿದರು. ‘ನಿಲ್ಲಿಸ್ರಪ್ಪ! ಹದಿನಾಲ್ಕಿದ್ರಿ, ಹದಿಮೂರಾದ್ರಿ, ಈಗ ಹನ್ನೆರಡು ಮಾಡ್ಕೋತೀರಾ? ಆ ಕಂಪನಿಯವನಿಗೆ ಮಾಡೋಕೆ ಕೆಲಸ ಏನು ಉಳಿಸ್ತೀರೋ?’ ಶ್ಯಾಮಲಾ ತನ್ನ ಕುರ್ಚಿಯನ್ನು ಸದ್ದಾಗದಂತೆ ಆಚೆಗೆ ಎಳೆದುಕೊಂಡಳು. ವೇಣಿ ಚಪ್ಪಲಿ ಮೆಟ್ಟಿ ಹೊರಬಂದು ಬಸ್‌ಸ್ಟಾಪ್ ಮುಟ್ಟುವ ಹೊತ್ತಿಗೆ ಗುಂಪಿನಿಂದ ಅವಳನ್ನು ತೆಗೆದಾಗಿತ್ತು.

ಮನೆಗೆ ಬಂದಾಗ ರಾಮಕ್ಕ ಜ್ವರ ಬಿಟ್ಟು ಎದ್ದು, ಕೊಟ್ಟಿಗೆಯಲ್ಲಿ ಬೂಸಾ ಕಲಸುತ್ತಿದ್ದಳು. ತಲೆಗೆ ಟವಲು ಸುತ್ತಿದ್ದಳು.

‘ಅಲ್ಲ ಕಣೇ, ಆ ಮಲ್ಲಿಕ್ಕು ಯಾಕೆ ಈಚೀಚ್ಗೆ ಬರದೇ ಇಲ್ಲ? ನನ್ ಮೇಲೇನಾರ ಬೇಜಾರಾ ಅವ್ನಿಗೆ?’

‘ಇಲ್ಲಮ್ಮ’ ಎಂದಳು ವೇಣಿ. ‘ಒಳ್ಳೇ ಕೆಲಸ ಸಿಕ್ತು ಅವನಿಗೆ, ಪೀಣ್ಯದಲ್ಲಿ. ಸಂಬಳ ಜಾಸ್ತಿ. ನಿನ್ನೆ ಫೋನ್ ಮಾಡಿದ್ದ. ನಿನ್ನ ಕೇಳ್ದ.’

‘ಅಂಗಾ? ನಾ ಅನ್ಕಂಡೆ ಬುಡು, ಪೂಜೆ ಪ್ರಸಾದ ತಿಂದೋನು, ಒಳ್ಳೇದಾಗ್ದೆ ಇರ್ತದಾ!’ ಎಂದು ರಾಮಕ್ಕ ಬಾಯ್ತುಂಬ ನಕ್ಕಳು. ಮಗಳ ಮಾತನ್ನು ಪೂರ್ತಿ ನಂಬಿ, ಮುಖ ಕೂಡ ನೋಡದೆ, ಬೂಸಾ ಬುಟ್ಟಿಯನ್ನು ಹಸುವಿನ ಮುಂದೆ ತಳ್ಳಿದಳು.